ಬಸವನಹುಳದ ಮ್ಯಾಲ ಕಟ್ಟಿದ ಮೀಸಿ

ಶಲವಡಿ ಗುಡದಪ್ಪನ ಮೀಸಿ ಅಂದ್ರ ಸಾದಾ ಮೀಸಿ ಅಲ್ಲ. ನಲವತ್ತು ವರ್ಷ ಆತು, ಕತ್ತರಿ ಬಿಟ್ರ ಬ್ಲೇಡು ಕಂಡಿಲ್ಲ ಅದು. ಎರಡೂ ಕಡಿ ತಿರುವಿ, ಕೊಬ್ಬರಿ ಎಣ್ಣಿ ಹಚ್ಚಿದ್ನಂದ್ರ ಊರ ಮುಂದಿನ ಕಟ್ಟಿ ಮ್ಯಾಲ ಕುಂತ ಮಂದಿ ತಾವಾಗೇ ಸರದು ಜಾಗಾ ಕೊಡೋರು. ಮದುವಿ ಫೋಟೋದಾಗ ಹೆಂಡ್ತಿ ಮಾದೇವಿ ಮಾರಿಗಿಂತ ಮೊದಲ ಕಣ್ಣಿಗೆ ಬೀಳೂದು ಆ ಮೀಸಿನ. ಅಂಥಾ ಮೀಸಿನ್ನ ಈ ಪುಣ್ಯಾತ್ಮ ಬಸವನಹುಳದ ಮ್ಯಾಲ ಪಣಕ್ಕ ಇಟ್ಟಾ ಅಂದ್ರ ನಂಬ್ತೀರೇನು? ನಂಬಬೇಕು, ಊರಿಗೂರ ಸಾಕ್ಷಿ ಐತಿ.

ಗುಡದಪ್ಪಗ ನಾಕು ಎಕರೆ ಎರಿ ಹೊಲ, ಕರಿ ಮಣ್ಣಿಂದು. ಎಡಿ ಹೊಡಿಯೂದ್ರಾಗ ಅವನ್ನ ಮೀರಿಸೋರು ಸುತ್ತ ಹತ್ತು ಹಳ್ಳ್ಯಾಗ ಇರಲಿಲ್ಲ. ಬೆಳಿ ಸಾಲಿನ ನಡುವ ಎಡಿಕುಂಟಿ ಹೂಡಿ ಎತ್ತಿನ ಹಿಂದ ನಡದ್ನಂದ್ರ ಒಂದು ಸಸಿ ಕಿತ್ತು ಬರ್ತಿರಲಿಲ್ಲ, ಒಂದು ಕಸ ಉಳೀತಿರಲಿಲ್ಲ. ಎರಿ ಮಣ್ಣಿನ ಸ್ವಭಾವ ಹಠಮಾರಿ. ಮಳಿ ನಿಂತು ಎಂಟು ದಿನ ಆತಂದ್ರ ಮ್ಯಾಲಿನ ಪದರ ಬಿಗದು ಕಲ್ಲಾಗತೈತಿ, ಕೆಳಗ ಬೇರಿಗೆ ಗಾಳಿ ಸಿಗಂಗಿಲ್ಲ. ಹದಾ ನೋಡಿ ಎಡಿ ಹೊಡದ್ರ ಮತ್ತ ಉಸರಾಡ್ತೈತಿ. ಆ ಹದಾ ಗುಡದಪ್ಪಗ ಅಂಗಾಲಿನಾಗ ಗೊತ್ತಾಗ್ತಿತ್ತು.

ಇಂಥಾ ಮನಷ್ಯಾಗ ಹೋದ ವರ್ಷ ಹುಬ್ಬಳ್ಳ್ಯಾಗ ಎರಡೂ ಮೊಣಕಾಲು ಆಪರೇಶನ್ ಆದ್ವು. ಆಪರೇಶನ್ ಅಗದಿ ಚಲೋ ಆತು. ಕೆಟ್ಟಿದ್ದು ಮನಿಗೆ ಬಂದ ಮ್ಯಾಲ. ನೀರಿನ ಕೊಡಾ ಎತ್ತಾಕ ಹೋದ್ರ ಮಾದೇವಿ ಅನ್ನಾಕಿ, "ಸುಮ್ನ ಕುಂದರ್ರಿ." ಎತ್ತಿನ ಮೈ ತಿಕ್ಕಾಕ ಎದ್ರ ಹೊಲಾ ನೋಡಿಕೊಳ್ಳೋ ತಮ್ಮ ಅನ್ನಾಂವ, "ಅಣ್ಣಾ, ಸುಮ್ನ ಕುಂದರು." ಡಾಕ್ಟರು ನಡೀರಿ ನಡೀರಿ ಅಂತ ಹೇಳಿ ಕಳಿಸಿದ್ರ, ಮನಿ ಮಂದಿ ಕುರ್ಚಿ ಬಿಟ್ಟು ಏಳಾಕ ಬಿಡವಲ್ಲರು. ಅರವತ್ತೆರಡರ ಗಟ್ಟಿ ಆಳು ಪಡಸಾಲ್ಯಾಗ ಕುಂತು ಕುಂತು ಒಳಗ ಕುದ್ದುಹೋದಾ. ನಾ ಇನ್ನ ಯಾತಕ್ಕೂ ಬಾರದಾಂವಾದ್ನಿ ಅನ್ನೋ ಸಂಕಟ ಅವನ್ನ ಹಗಲೆಲ್ಲಾ ತಿಂತಿತ್ತು.

ಮಗಳು ಮಲ್ಲಿಕಾ ನವಲಗುಂದದ ಹೈಸ್ಕೂಲಿನ್ಯಾಗ ವಿಜ್ಞಾನ ಕಲಸ್ತಾಳ, ದಿನಾ ಬಸ್ಸಿಗೆ ಹೋಗಿ ಬರ್ತಾಳ. ಅಪ್ಪನ ಬಾಡಿದ ಮಾರಿ ನೋಡಲಾರದ ಒಂದಿನ ಎರಡು ಫೂಟಿನ ಗಾಜಿನ ಟಾಕಿ ತಂದು ಕಿಡಕಿ ಬಾಜು ಇಟ್ಟಳು. ನಾಕು ಸಣ್ಣ ಮೀನು, ಒಂದಿಷ್ಟು ನೀರಾಗ ಬೆಳಿಯೋ ಗಿಡ, ಒಂದು ಚೀಲ ಉಸುಕು.

"ಯಪ್ಪಾ, ಇದು ನಿನ್ನ ಹೊಲ. ಕುಂತಲ್ಲೇ ಒಕ್ಕಲತನ ಮಾಡು" ಅಂದಳು.

"ಬರೇ ಉಸುಕಿನ್ಯಾಗ ಗಿಡ ಬೆಳೀತಾವೇನವಾ? ನಿಂಗ ಕಲಿಸಿದವ್ರು ಯಾರು?" ಅಂದವನ ತನ್ನ ಹೊಲದ ಎರಿ ಮಣ್ಣು ಒಂದು ಬುಟ್ಟಿ ತರಿಸಿದಾ. ಟಾಕಿ ತಳಕ್ಕ ನಾಕು ಬೆರಳು ದಪ್ಪ ಹಾಸಿ, ಮ್ಯಾಲ ಉಸುಕು ಮುಚ್ಚಿ, ಗಿಡ ನಾಟಿದಾ. ಮೂರು ತಿಂಗಳು ಗಿಡ ಕಬ್ಬು ಬೆಳದಂಗ ಬೆಳದ್ವು. ಆಮ್ಯಾಲ ಉಸುಕಿನ ಕೆಳಗಿಂದ ಬುಳುಬುಳು ಗುಳ್ಳಿ ಏಳಾಕ ಹತ್ತಿದ್ವು. ಕೊಳೆತ ತತ್ತಿ ವಾಸನಿ. ಬೇರು ಕರ್ರಗಾಗಿ ಎಲಿ ಉದುರಿದ್ವು, ಒಂದು ಮೀನು ಸತ್ತು ತೇಲಿತು.

ಟಾಕಿ ಮಾರಿದ ಮುನಾಫ್‌ಗ ಹುಬ್ಬಳ್ಳಿಗೆ ಫೋನ್ ಹಚ್ಚಿದ್ರ ಅಂವಾ ಬಿದ್ದು ಬಿದ್ದು ನಕ್ಕಾ. "ಕಾಕಾ, ಎರಿ ಮಣ್ಣು ಯಾರರ ಟಾಕಿಗೆ ಹಾಕ್ತಾರೇನ್ರಿ? ಎಲ್ಲಾ ತಗದು ಚೆಲ್ಲಿಬಿಡ್ರಿ."

ತನಗ ಬೈದಿದ್ರ ಗುಡದಪ್ಪ ನುಂಗಿಕೊಳ್ತಿದ್ದಾ. ಮಣ್ಣಿಗೆ ಬೈದಿದ್ದು ತಡಕೊಳ್ಳಾಕ ಆಗಲಿಲ್ಲ. ಗಾಜಿಗೆ ಮೂಗು ಹಚ್ಚಿ ತಾಸುಗಟ್ಟಲೆ ನೋಡಿದಾ. ಮಣ್ಣು ಕೆಟ್ಟಿಲ್ಲ, ಮಣ್ಣಿಗೆ ಉಸರು ಕಟ್ಟೈತಿ, ಎಡಿ ಬೇಕು ಇದಕ್ಕ. ಸೈಕಲ್ಲಿನ ಒಂದು ಕಡ್ಡಿ ಹುಡುಕಿ ತಂದು ತಾನ ಎಡಿ ಹೊಡಿಯಾಕ ಹೋದಾ. ಗಿಡ ಕಿತ್ತು ಮ್ಯಾಲ ಬಂದ್ವು, ನೀರೆಲ್ಲಾ ರಾಡಿ ಎದ್ದಿತು. ಜೀವನದಾಗ ಮೊದಲನೇ ಸಲ ಸಸಿ ಕಿತ್ತಿದ್ದಾ.

ಮಲ್ಲಿಕಾ ಅಲ್ಲಿ ಇಲ್ಲಿ ಓದಿಕೊಂಡು ಬಂದು ಹೇಳಿದಳು. "ಯಪ್ಪಾ, ಹಗಲೆಲ್ಲಾ ಮಣ್ಣಾಗ ಹೊಕ್ಕೊಂಡು ಅಡ್ಡಾಡೋ ಬಸವನಹುಳಾ ಇರ್ತಾವಂತ. ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ, ತುದಿ ಚೂಪು, ತಿರುಪಿನ ಮೊಳಿಯಂಗ. ಬೇರಿಗೆ ಧಕ್ಕಿ ಮಾಡಲಾರದ ಮಣ್ಣು ಸಡಲ ಮಾಡ್ತಾವಂತ."

"ಏ ಹುಚ್ಚಿ, ಅವು ನಮ್ಮ ಕಾಲವಿ ಕೆಸರಾಗ ಬೇಕಾದಷ್ಟು ಅದಾವ! ಸಣ್ಣವರಿದ್ದಾಗ ಕಾಲಿಗೆ ಚುಚ್ಚತಿದ್ವು."

ಕಾಲವಿಯಿಂದ ಹನ್ನೆರಡು ಹುಳಾ ಬಂದ್ವು. ರೋಗ ರುಜಿನ ಇದ್ದೀತು ಅಂತ ಮಲ್ಲಿಕಾ ಹದಿನೈದು ದಿನ ಬ್ಯಾರೆ ಬಕೀಟಿನ್ಯಾಗ ಇಟ್ಟು, ಆಮ್ಯಾಲ ಟಾಕಿಗೆ ಬಿಟ್ಟಳು. ಕಣ್ಣು ಮುಚ್ಚಿ ತಗಿಯೂದ್ರಾಗ ಹನ್ನೆರಡೂ ಉಸುಕಿನ್ಯಾಗ ಮಾಯ. ಗುಡದಪ್ಪ ಗಾಜಿನ ತಳಕ್ಕ ಕಣ್ಣು ಹಚ್ಚಿ ಕುಂತಾ. ಸ್ವಲ್ಪ ಹೊತ್ತಿಗೆ ಗಾಜಿನ ಅಂಚಿನಾಗ ಉಸುಕು ಮಿಸುಕಾಡಿತು. ಒಂದು ಹುಳಾ ಮೂತಿ ಮುಂದ ಮಾಡಿ, ಬೆನ್ನಿನ ಚಿಪ್ಪು ಎಳಕೊಂತ, ಎರಡು ಬೇರಿನ ನಡುವಿನ ಸಂದ್ಯಾಗ ಹಾದು ಹೊಂಟಿತ್ತು. ಹಿಂದ ಮಣ್ಣು ಪುಡಿಪುಡಿಯಾಗಿ ಉಳೀತಿತ್ತು. ಬೇರು ಅಲ್ಲಾಡಿರಲಿಲ್ಲ.

"ಮಾದೇವಿ! ಏ ಮಾದೇವಿ, ಬಾ ಇಲ್ಲೆ! ಎಡಿ ಹೊಡ್ಯಾಕ ಹತ್ತಾವ ನೋಡಬೇ ಇವು!"

ರೊಟ್ಟಿ ಬಡಿಯೋ ಕೈ ಹಂಗ ಹಿಟ್ಟು ಹತ್ತಿಸಿಕೊಂಡು ಮಾದೇವಿ ಓಡಿ ಬಂದಳು, ಗಂಡ ಎಲ್ಲಿ ಬಿದ್ನೋ ಅಂತ. ಬಂದು ನೋಡಿದ್ರ ಗಂಡನ ಕಣ್ಣಾಗ ನೀರು, ಬಾಯಾಗ ನಗಿ.

ಎರಡು ತಿಂಗಳಿಗೆ ಗುಳ್ಳಿ ನಿಂತ್ವು, ವಾಸನಿ ಹೋತು, ಬೇರು ಬೆಳ್ಳಗಾದ್ವು. ಗಿಡಾ ನೀರಿನ ಮ್ಯಾಲ ತಲಿ ಹಾಕಿದ್ವು. ನಡುವ ಒಂದು ಎಡವಟ್ಟಾತು. ಪಾಪ ದುಡದ ಜೀವ ಅಂತ ಮಾದೇವಿ ದಿನಾ ಒಂದೊಂದು ತುತ್ತು ರೊಟ್ಟಿ ಪುಡಿ ಉದುರಿಸ್ತಿದ್ದಳು, ಹನ್ನೆರಡು ಹುಳಾ ಇನ್ನೂರಾದ್ವು. ರೊಟ್ಟಿ ಬಂದ್ ಮಾಡಿದ್ರು, ಎಣಿಕಿ ತಾನ ಇಳೀತು. ಹುಳಾ ಹೆಚ್ಚಾದ್ರ ತಪ್ಪು ಹುಳದ್ದಲ್ಲ, ತಿನಿಸಿದವರದ್ದು ಅಂತ ಗುಡದಪ್ಪ, ಮನಿ ಮಂದಿ ಕಣ್ಣು ತಪ್ಪಿಸಿ ಕೋಲು ಊರಿಕೊಂತ ಹೋಗಿ, ಕಟ್ಟಿ ಮ್ಯಾಲ ಕುಂತು ಭಾಷಣ ಮಾಡಾಕ ಶುರು ಮಾಡಿದಾ.

ಕಟ್ಟಿ ಮಂದಿ ಬಿಡ್ತಾರೇನು? "ಹುಳದ ಗುಡದಪ್ಪ" ಅಂತ ಹೆಸರಿಟ್ರು. ಹೆಸರಿಟ್ಟಾಂವ ಭೀಮಶಿ, ಗುಡದಪ್ಪನ ಚಡ್ಡಿ ದೋಸ್ತ. ನಾಲಗಿ ಅಂದ್ರ ಕುಡಗೋಲು. "ಲೇ, ಹೊಲದಾಗ ಹುಲಿಯಂಗಿದ್ದಿ. ಈಗ ಹುಳಾ ಕಾಯಾಕ ಹತ್ತಿದ್ಯಲ್ಲೋ" ಅಂತ ನಾಕು ಮಂದ್ಯಾಗ ಅಂದುಬಿಟ್ಟಾ.

ಮರದಿನ ಮುನಾಫ್‌ನ ಸುದ್ದಿ ಬಂತು. ಹುಬ್ಬಳ್ಳ್ಯಾಗ ಟಾಕಿ ಸಾಕೋರ ಸ್ಪರ್ಧಾ ಐತಿ, ಗಿಡಾ ನಾಟಿ ಆರು ತಿಂಗಳು ದಾಟಿದ ಟಾಕಿ ಆಗಬೇಕು. ಗುಡದಪ್ಪ ಸೀದಾ ಕಟ್ಟಿಗೆ ಹೋಗಿ ಕೋಲು ಕುಟ್ಟಿದಾ.

"ಕೇಳಲೇ ಭೀಮಶಿ. ನನ್ನ ಟಾಕಿ ಮೊದಲನೇ ನಂಬರ ಬರತೈತಿ. ಬರಲಿಲ್ಲಂದ್ರ ಈ ಮೀಸಿ ಅಲ್ಲೇ ಹುಬ್ಬಳ್ಳ್ಯಾಗ ನಿನ್ನ ಕೈಯಿಂದ ಬೋಳಿಸಿಕೊಳ್ತೇನಿ."

ಕಟ್ಟಿ ಮ್ಯಾಲ ಕುಂತವರೆಲ್ಲಾ ಎದ್ದು ನಿಂತ್ರು. ಭೀಮಶಿಗೂ ಒಂದು ಗಳಿಗಿ ಗಾಬರಿ ಆತು, ಆದ್ರ ನಾಲಗಿ ಸುಮ್ಮನಿರಬೇಕಲ್ಲ. "ಬ್ಲೇಡು ನಾ ತರ್ತೇನಿ. ಉರಿ ಆರಾಕ ಪಟಿಕದ ಹಳ್ಳೂ ತರ್ತೇನಿ. ನೀ ಗೆದ್ರ?"

"ಗೆದ್ರ ಒಂದು ವರ್ಷ ನನ್ನ ಹುಳಾ ನಿನ್ನ ಕಟ್ಟಿ ಮ್ಯಾಲ ಇಟ್ಟು ಸಾಕಬೇಕು. ದಿನಾ ಮುಂಜಾನೆ ಎದ್ದು ಅವುಕ್ಕ ಶರಣು ಹೇಳಬೇಕು."

ಸ್ಪರ್ಧಾಕ್ಕ ಎಂಟು ದಿನ ಉಳದಾಗ ಗುಡದಪ್ಪ ಉದ್ದ ಬೆಳದ ಗಿಡಾ ಕತ್ತರಿಸಿ ಮತ್ತ ನಾಟಿದಾ. ನೀರು ಸ್ವಲ್ಪ ರಾಡಿ ಎದ್ದಿತು. ತಾನ ತಿಳಿ ಆಗತೈತಿ ಅಂತ ಬಿಟ್ಟು ಮಲಗಿದಾ.

ಬೆಳಿಗ್ಗೆ ಎದ್ದು ನೋಡಿದ್ರ ನೀರು ಕನ್ನಡಿಯಂಗ ಫಳಫಳ. ಆದ್ರ ಹಗಲು ಹೊತ್ತು ಮಣ್ಣು ಬಿಟ್ಟು ಹೊರಗ ಬಾರದ ಹುಳಾ ಎಲ್ಲಾ ಗಾಜು ಹತ್ತಿ ನೀರಿನ ಅಂಚಿಗೆ ಸಾಲಾಗಿ ಅಂಟಿಕೊಂಡು ನಿಂತಾವ. ಮೂರ್ನಾಲ್ಕು ಕೆಳಗ ಬಿದ್ದು ಮಿಸುಕಾಡವಲ್ವು.

"ಯಾರ ಏನ ಹಾಕಿದ್ರಿ ಇದಕ್ಕ?"

ಮಾದೇವಿ ಅಡಗಿಮನಿ ಬಾಗಲಾಗ ನಿಂತಿದ್ದಳು. ಆ ಮನ್ಯಾಗ ಮೂವತ್ತು ವರ್ಷದಿಂದ ಕೆರಿ ನೀರು ತಂದು ಹರವಿಗೆ ಸುರುವಿ, ಪಟಿಕದ ಹಳ್ಳು ನಾಕು ಸುತ್ತು ತಿರುವಿ, ರಾಡಿ ತಳಕ್ಕ ಕುಂದರಿಸಿ ಕುಡಿಸಿದಾಕಿ ಆಕಿ. ಊರಾಗ ಎಲ್ಲಾರ ಮನ್ಯಾಗೂ ಅದ ಪದ್ಧತಿ. "ನೀರು ರಾಡಿ ಆಗಿತ್ತಲ್ರಿ... ನಿಮ್ಮ ಮೀಸಿ ಹೋದೀತು ಅಂತ... ಎರಡು ಸುತ್ತು ಪಟಿಕಾ ತಿರುವಿದ್ನಿ."

"ತಿರುವಿದ್ಯಾ! ನನ್ನ ಎತ್ತಿಗೆಲ್ಲಾ ವಿಷಾ ಹಾಕಿದ್ಯಲ್ಲಬೇ!"

"ವಿಷಾ ಹಾಕಾಕಿದ್ರ ಮೂವತ್ತು ವರ್ಷ ಅದ ನೀರು ಕುಡದು ಮೀಸಿ ಹೆಂಗ ಬೆಳಸಿದ್ರಿ?" ಅಂತ ಮಾದೇವಿನೂ ಸಿಟ್ಟಿಲೆ ಅಂದಳು. ಅಂದು, ಸೆರಗು ಬಾಯಿಗೆ ಹಚ್ಚಿ ಅತ್ತಳು. ಗುಡದಪ್ಪನ ಸಿಟ್ಟು ಅಲ್ಲೇ ಇಳೀತು. ಆಕಿ ಮಾಡಿದ್ದು ಪ್ರೀತಿಲೆ, ಅದು ಅವಗೂ ಗೊತ್ತಿತ್ತು.

ಮಲ್ಲಿಕಾ ನವಲಗುಂದದಿಂದ ಫೋನಿನ್ಯಾಗ ಹೇಳಿದಳು. "ಯಪ್ಪಾ, ಪಟಿಕಾ ಹಾಕಿದ್ರ ನೀರು ಹುಳಿ ಆಗತೈತಿ. ಹುಳಾ ಚಿಪ್ಪಿನ ಜೀವ, ಅವುಕ್ಕ ಸುಣ್ಣದ ಅಂಶ ಬೇಕು. ಅರ್ಧ ನೀರು ಚೆಲ್ಲಿ ಕಾಲವಿ ನೀರು ಹಾಕು, ನಾಳೆ ಮತ್ತಷ್ಟು. ಸುಣ್ಣದ ಕಲ್ಲು ಎಲ್ಲರೆ ಸಿಗತಾವೇನು ನೋಡು."

ಎಲ್ಲರೆ ಏನು! ಅವನ ಹೊಲದಾಗ ಎಡಿಕುಂಟಿಗೆ ಸಿಕ್ಕು ಸಿಕ್ಕು ಜೀವಾ ತಿಂದ ಬಿಳೇ ಸುಣ್ಣದ ಹಳ್ಳು ರಾಶಿ ರಾಶಿ ಬಿದ್ದಾವ. ಗುಡದಪ್ಪ ಕೋಲು ತಗೊಂಡು ಎದ್ದಾ.

"ಸುಮ್ನ ಕುಂದ..." ಅಂತ ಮಾದೇವಿ ಬಾಯಿ ತಗದಾಕಿ, ಗಂಡನ ಮಾರಿ ನೋಡಿ ಅಲ್ಲಿಗೇ ನುಂಗಿದಳು.

ಓಣಿ ತಿರುವಿನ್ಯಾಗ ಭೀಮಶಿ ಬೈಕ್ ಅಡ್ಡ ಬಂತು. ಸುದ್ದಿ ಕೇಳಿದವನ ಅಂವಾ ನಗಲಿಲ್ಲ. "ಹತ್ತಲೇ ಹಿಂದ. ಹುಳಾ ಸತ್ತು ನಾ ಗೆದ್ರ ಅದೇನ್ ಗೆಲವು, ಥೂ. ನಿನ್ನ ಮೀಸಿ ನಾ ನ್ಯಾಯದಾಗ ಬೋಳಸ್ತೇನಿ."

ಹೊಲದ ಬದುವಿನ್ಯಾಗ ಬೈಕ್ ನಿಂತಿತು. ಆಪರೇಶನ್ ಆಗಿ ಹತ್ತು ತಿಂಗಳ ಮ್ಯಾಲ ಗುಡದಪ್ಪ ತನ್ನ ಎರಿ ಮಣ್ಣಿನ ಮ್ಯಾಲ ಕಾಲಿಟ್ಟಾ. ಚಪ್ಪಲಿ ಬಿಟ್ಟು ನಡದಾ. ಮೊಣಕಾಲು ನೋವಾಗಲಿಲ್ಲ. ಆ ಬದುವಿನಿಂದ ಈ ಬದುವಿಗೆ ಎರಡು ಸಲ ಅಡ್ಡಾಡಿ ಟವಲ್ ತುಂಬ ಹಳ್ಳು ಆರಿಸಿದಾ. ಭೀಮಶಿ ಕಾಲವಿಗೆ ಹೋಗಿ ಎರಡು ಕ್ಯಾನ್ ನೀರು ತುಂಬಿಸಿಕೊಂಡು ಬಂದಾ. ಹಳ್ಳು ತೊಳದು ಟಾಕಿಗೆ ಹಾಕಿ, ನೀರು ಬದಲಿ ಮಾಡಿ, ಎಲ್ಲಾರೂ ಗಾಜಿನ ಮುಂದ ಕುಂತ್ರು. ಆವತ್ತು ಏನೂ ಆಗಲಿಲ್ಲ. ಮರದಿನಾನೂ ಆಗಲಿಲ್ಲ. ಗುಡದಪ್ಪಗ ಊಟಾ ಸೇರಲಿಲ್ಲ. ಮೂರನೇ ದಿನ ಮಧ್ಯಾಹ್ನ ಒಂದು ಹುಳಾ ಗಾಜಿನಿಂದ ಕೈ ಬಿಟ್ಟು ತಳಕ್ಕ ಬಿತ್ತು. ಸತ್ತಿತೇನೋ ಅಂತ ಮಾದೇವಿ ಕಣ್ಣು ಮುಚ್ಚಿದಳು. ಹುಳಾ ಮೂತಿ ಚಾಚಿ, ಉಸುಕು ಸರಿಸಿ, ಒಳಗ ಹೋತು. ಹಿಂದ ಇನ್ನೊಂದು. ಸಂಜಿ ಆಗೂದ್ರಾಗ ಗಾಜೆಲ್ಲಾ ಖಾಲಿ. ಮಾದೇವಿ ದೇವರ ಮುಂದ ದೀಪಾ ಹಚ್ಚಿ ಬಂದು, ಪಟಿಕದ ಹಳ್ಳು ಗೋಡಿ ಮಾಡದಿಂದ ತಗದು ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಳಾ ತಿರುವಿದಳು.

ಸ್ಪರ್ಧಾ ದಿನ ಟಾಕಿ ನೀರು ಮುಕ್ಕಾಲು ಕ್ಯಾನಿಗೆ ತುಂಬಿ, ಕೆಳಗ ಗಾದಿ ಹಾಸಿ ಟಂಟಂ ರಿಕ್ಷಾದಾಗ ಇಟ್ಟುಕೊಂಡು ಹುಬ್ಬಳ್ಳಿಗೆ ಹೊಂಟ್ರು. ಮಲ್ಲಿಕಾ ಟಾಕಿ ಹಿಡಕೊಂಡು ಹಿಂದ, ಗುಡದಪ್ಪ ಮುಂದ. ಅವನ ಬಾಜು ಭೀಮಶಿ, ಕಿಸೆದಾಗ ಹೊಸಾ ಬ್ಲೇಡು. "ತಗ್ಗ ನೋಡಿ ಹೊಡಿಯಪ್ಪಾ" ಅಂತ ದಾರಿ ಉದ್ದಕ್ಕೂ ಡ್ರೈವರಗ ಬೈದಾಂವ ಮಾತ್ರ ಭೀಮಶಿನ.

ಮಂಗಲ ಕಾರ್ಯಾಲಯದ ಹಾಲಿನ್ಯಾಗ ಇಪ್ಪತ್ತು ಟಾಕಿ. ಗುಡದಪ್ಪನ ಬಾಜುವಿಂದು ನಾಕು ಫೂಟಿನ ದೊಡ್ಡ ಟಾಕಿ, ನವಲಗುಂದದ ಜಮಖಾನಿ ಹಾಸಿದಂಗ ತಳತುಂಬ ಹಸರು ಹುಲ್ಲು, ಬಣ್ಣದ ದೀಪಾ. ಅದನ್ನ ನೋಡಿ ಗುಡದಪ್ಪನ ಕೈ ತಾನಾಗೇ ಮೀಸಿಗೆ ಹೋತು. ಸ್ಪರ್ಧಾ ನಡಸಾಂವ ಮುನಾಫ್ ಹತ್ರ ಬಂದು ಕಿವ್ಯಾಗ ಅಂದಾ. "ಕಾಕಾ, ಹುಳಾ ಅದಾವಲ್ಲ, ಅವು ಪೀಡಾ ಅಂತ ಮಾರ್ಕ್ಸ್ ಕಟ್ ಆಗ್ತಾವ. ಈಗರ ಆರಿಸಿ ತಗೀರಿ."

"ದುಡದದ್ದು ಅವು. ಬಹುಮಾನದ ದಿನ ಅವನ್ನ ಹೊರಗ ಹಾಕು ಅಂತೀಯೇನಪಾ? ಮೀಸಿ ಹೋದ್ರ ಹೋಗ್ಲಿ, ಅದು ಆಗೂ ಮಾತಲ್ಲ."

ಟಾಕಿ ನೋಡಿ ನಂಬರ ಕೊಡಾಕ ಬಂದವರು ಶಮೀಮಾಬಿ ಬಾಯಾರು. ಮೀನಿನ ಶಾಸ್ತ್ರ ಕಲಿಸಿ ರಿಟೈರ್ ಆದವರು, ದಪ್ಪ ಚಶ್ಮಾ, ಮಾತು ಕಡಿಮಿ. ದೊಡ್ಡ ಟಾಕಿ ಮುಂದ ಬಾಳ ಹೊತ್ತು ನಿಂತ್ರು, ಏನೋ ಬರಕೊಂಡ್ರು. ಗುಡದಪ್ಪನ ಟಾಕಿಗೆ ಬಂದಾಗ ದಾರ್ಯಾಗಿನ ಕುಲುಕಾಟಕ್ಕ ಮ್ಯಾಲ ಬಂದ ಒಂದು ಹುಳಾ ಗಾಜಿನ ಮ್ಯಾಲ ಆರಾಮಾಗಿ ಹೊಂಟಿತ್ತು. ಬಾಯಾರ ಹುಬ್ಬು ಗಂಟಾತು. ಹಿಂದ ಭೀಮಶಿ ಕಿಸೆದಾಗ ಕೈ ಹಾಕಿದ್ದು ಗುಡದಪ್ಪಗ ಕಾಣ್ತು.

ಇನ್ನ ಸುಮ್ಮನಿದ್ರ ಕೆಟ್ನಿ ಅಂತ ಅಂವಾ ಎದ್ದು ನಿಂತಾ. "ಬಾಯಾರ, ಒಂದು ಮಾತು ನಡಸ್ಕೊಡ್ರಿ. ನಾ ಒಕ್ಕಲಿಗ. ಬದುವಿನ ಮ್ಯಾಲ ನಿಂತು ಹಸರು ನೋಡಿ ಹೊಲದ ಬೆಲಿ ಕಟ್ಟಾಕ ಬರಂಗಿಲ್ರಿ. ಕೆಳಗ ಮಣ್ಣು ಹೆಂಗೈತಿ ನೋಡ್ರಿ." ಅಂಗಿ ಒಳಗಿಂದ ಆ ಸೈಕಲ್ ಕಡ್ಡಿ ತಗದು ಮುಂದ ಹಿಡದಾ. "ಎಲ್ಲಾ ಟಾಕಿಗೂ ಮೂಲ್ಯಾಗ ಒಂದೊಂದು ಸಲ ಚುಚ್ರಿ. ನಂದಕ್ಕ ಕಡೀಕ ಚುಚ್ರಿ."

ಮುನಾಫ್ "ಕಾಕಾ, ಕಾಕಾ" ಅಂತ ಕೈ ಹಿಡದಾ. ಬಾಯಾರು ಚಶ್ಮಾದ ಮ್ಯಾಲಿಂದ ಗುಡದಪ್ಪನ್ನ ನೋಡಿದ್ರು, ಕಡ್ಡಿ ಇಸಗೊಂಡ್ರು. "ಹೇಳೂದು ಖರೆ ಐತಿ. ನಾನ ಮರ್ತಿದ್ದೆ."

ದೊಡ್ಡ ಟಾಕಿ ಮೂಲ್ಯಾಗ ಕಡ್ಡಿ ಇಳೀತು. ಬುಳುಬುಳುಬುಳು ಅಂತ ಗುಳ್ಳಿ ಎದ್ವು, ನೋಡ್ತಿದ್ದ ಮಂದಿ ಮೂಗಿಗೆ ಕರವಸ್ತ್ರಾ ಹಿಡದ್ರು. ಜಮಖಾನಿಯಂಥಾ ಹುಲ್ಲಿನ ಕೆಳಗ ಮಣ್ಣು ಕರ್ರಗ ಕೊಳೆತಿತ್ತು. ಮುಂದಿನದು, ಅದೂ ಬುಳುಬುಳು. ಅದರ ಮುಂದಿನದ್ರಾಗ ಕಡ್ಡಿ ಇಳೀಲೇ ಇಲ್ಲ. ಎರಡು ಟಾಕಿ ಪಾಸಾದ್ವು ಅನ್ನೂದ್ರಾಗ ಅವುಕೂ ಸಣ್ಣಗ ವಾಸನಿ ಹತ್ತಿತ್ತು. ಹಾಲಿನ ತುಂಬ ಗುಸುಗುಸು.

ಕಡೀಕ ಗುಡದಪ್ಪನ ಟಾಕಿ. ಕಡ್ಡಿ ಬೆಣ್ಣ್ಯಾಗ ಇಳದಂಗ ತಳಾ ಮುಟ್ಟಿತು. ಒಂದ ಒಂದು ಗುಳ್ಳಿ ಏಳಲಿಲ್ಲ. ಬಾಯಾರು ಬಗ್ಗಿ ಕಡ್ಡಿ ಅಲ್ಲಾಡಿಸಿದ್ರು. ಕಡ್ಡಿ ತಗದ ತೂತಿನಿಂದ ಒಂದು ಹುಳಾ ಮೂತಿ ಹೊರಗ ಹಾಕಿ, ಯಾರಪಾ ಕೆಲಸದಾಗ ಅಡ್ಡ ಬಂದಾಂವ ಅನ್ನೋರಂಗ ನೋಡಿ, ಮತ್ತ ಒಳಗ ಹೋತು. ಬಾಯಾರು ಕಡ್ಡಿ ತುದಿ ಮೂಸಿ ನೋಡಿದ್ರು. ಅವರ ಮಾರಿ ಅರಳಿತು.

"ಮಳಿ ಬಿದ್ದ ಹೊಲದ ವಾಸನಿ ಐತಿ" ಅಂದ್ರು. "ಇದು ಯಾವ ಮಣ್ಣು?"

"ನನ್ನ ಹೊಲದ್ದರಿ. ಎರಿ ಮಣ್ಣು." ಅಂದವನ ಗುಡದಪ್ಪ ಮುನಾಫ್‌ನ ಕಡೆ ತಿರುಗಿ ನೋಡಿದಾ.

ಮೊದಲನೇ ನಂಬರ ಶಲವಡಿ ಗುಡದಪ್ಪ ಅಂತ ಮೈಕಿನ್ಯಾಗ ಕೂಗಿದಾಗ ಮಲ್ಲಿಕಾ ತಾ ಟೀಚರ ಅನ್ನೂದು ಮರತು ಸೀಟಿ ಹೊಡದಳು. ಗುಡದಪ್ಪ ಕೋಲು ಕುರ್ಚಿಗೆ ಆನಿಸಿ, ಬರಿಗೈಲೆ, ಸೀದಾ ಹೆಜ್ಜಿ ಹಾಕಿ ಸ್ಟೇಜ್ ಹತ್ತಿದಾ. ಬಾಯಾರು ಮೈಕಿನ್ಯಾಗ ಅಂದ್ರು, "ಉಳದವ್ರು ಗಿಡಾ ಸಾಕ್ಯಾರ. ಇವ್ರು ಮಣ್ಣು ಸಾಕ್ಯಾರ." ಗುಡದಪ್ಪ ಚಪ್ಪಾಳಿ ಮುಗಿಯೂತನಕ ಎರಡೂ ಕಡಿ ಮೀಸಿ ತಿರುವಿದಾ. ಕೆಳಗ ಭೀಮಶಿ ಬ್ಲೇಡು ಮುರದು ಕಸದ ಡಬ್ಬಿಗೆ ಒಗದು, ಎಲ್ಲಾರಿಗಿಂತ ಜೋರಾಗಿ ಚಪ್ಪಾಳಿ ಹೊಡ್ಯಾಕ ಹತ್ತಿದ್ದಾ. ಇಳದು ಬಂದ ಕೂಡ್ಲೆ ಮುನಾಫ್ ಮೆಲ್ಲಗ ಕೇಳಿದಾ. "ಕಾಕಾ, ಹತ್ತು ಹುಳಾ ಕೊಡ್ತೀರೇನ್ರಿ? ಅಂಗಡಿ ಟಾಕಿಗೆ."

"ಪೀಡಾ ಯಾಕ ಬೇಕಪಾ ನಿಂಗ?" ಅಂದಾ ಗುಡದಪ್ಪ. ಅಂದು, ಇಪ್ಪತ್ತು ಕೊಟ್ಟಾ.

ಪಣದ ಪ್ರಕಾರ ಭೀಮಶಿ ಮನಿ ಕಟ್ಟಿ ಮ್ಯಾಲ ಒಂದು ಗಾಜಿನ ಟಾಕಿ ಬಂತು. ದಿನಾ ಮುಂಜಾನೆ ಊರ ಮಂದಿ ಎದರಿಗೆ ಹುಳಕ್ಕ ಶರಣು ಹೇಳಿದಾ, ಬೈಕೊಂತ ಹೇಳಿದಾ, ಆದ್ರ ಒಂದಿನಾನೂ ತಪ್ಪಿಸಲಿಲ್ಲ. ಇಪ್ಪತ್ತು ದಿನಕ್ಕ ಒಂದು ಬೆಳಿಗ್ಗೆ, ಗುಡದಪ್ಪ ಚಾ ಕುಡಿಯೂ ಹೊತ್ತಿಗೆ, ಓಣಿ ತುಂಬ ಕೂಗಿಕೊಂತ ಓಡಿ ಬಂದಾ.

"ಗುಡದಪ್ಪಾ! ಏ ಗುಡದಪ್ಪಾ! ಹುಳಾ ಎಲ್ಲಾ ಮ್ಯಾಲ ಬಂದು ನಿಂತಾವೋ ಮಾರಾಯಾ!"

"ಏನರ ಹಾಕಿದ್ಯೇನಲೇ?"

ಭೀಮಶಿ ನೆಲಾ ನೋಡಿದಾ. "ನಮ್ಮಾಕಿ... ನೀರು ಚಂದ ಕಾಣ್ಲಿ ಅಂತ... ಎರಡು ಸುತ್ತು ಪಟಿಕಾ..."

ಗುಡದಪ್ಪ ನಗಬೇಕೋ ಬೈಬೇಕೋ ತಿಳೀದ ಚಾ ಬಟ್ಲಾ ಹಿಡಕೊಂಡು ಕುಂತಿದ್ದಾ. ಅಷ್ಟರಾಗ ಒಳಗಿಂದ ಮಾದೇವಿ ಬಂದಳು. ಒಂದು ಕೈಯಾಗ ಸುಣ್ಣದ ಹಳ್ಳಿನ ಗಂಟು, ಇನ್ನೊಂದ್ರಾಗ ಗಂಡನ ಕೋಲು.

"ಸುಮ್ನ ಕುಂತೀರೇನ್ರಿ?" ಅಂತ ಜಬರಿಸಿದಳು. "ಏಳ್ರಿ ಲಗೂನ!"